ಕಿಟಕಿಯಮ್ಮನ ಮೊದಲ ಮಾತು

ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಡುವಾಗ ಕಿವಿ ಸಿಸ್ಟರ್ ಬಾಗಿಲಿಗೆ ಬೀಗ ಹಾಕಿ ಅದನ್ನು ಮೂರು ಸಲ ಜಗ್ಗುತ್ತಿದ್ದರು. ಒಂದು ಸಲ ಕೆಳಕ್ಕೆ, ಒಂದು ಸಲ ತಮ್ಮ ಕಡೆಗೆ, ಕೊನೆಗೆ ಮೈಭಾರವನ್ನೆಲ್ಲ ಬಿಟ್ಟು ಇನ್ನೊಂದು ಸಲ. ಆಮೇಲೆ ಹಣೆಯನ್ನು ಬಾಗಿಲಿಗೆ ತಾಗಿಸಿ, ತುಟಿಯಲ್ಲೇ ದೇವರನ್ನು ನೆನೆದು, ಬೀಗದ ಕೈಯನ್ನು ಚೀಲದ ಒಳಜೇಬಿಗೆ ಸೇರಿಸಿ ಮೆಟ್ಟಿಲಿಳಿಯುತ್ತಿದ್ದರು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿದ್ದರೂ ಈ ಮೂರು ಸಲ ತಪ್ಪುತ್ತಿರಲಿಲ್ಲ.

ಮನೆ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಗಿರಣಿಯವರಿಗೆ ಮೈಕೈಯೆಲ್ಲ ಹಿಟ್ಟು, ಬಾಯಿತುಂಬ ತಮಾಷೆ.

“ಏನ್ ಸಿಸ್ಟರ್, ಒಳಗೆ ರಾಜನ ಖಜಾನೆ ಇಟ್ಟಿದ್ದೀರಾ? ಆ ಬೀಗಕ್ಕೆ ಜೀವ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಆಸ್ಪತ್ರೇಲೇ ಬಂದು ಮಲಗಿರೋದು!”

“ಖಜಾನೆ ಇದ್ದಿದ್ರೆ ನಿಮ್ಮ ಗಿರಣಿ ಗಡಗಡದ ಮೇಲೆ ಬಂದು ಯಾಕೆ ಇರ್ತಿದ್ದೆ ಅಣ್ಣಾ?” ಎಂದು ಸಿಸ್ಟರ್ ನಗುತ್ತಲೇ ಬಸ್ಸಿಗೆ ಓಡುತ್ತಿದ್ದರು. ಅವರ ಬೆನ್ನ ಹಿಂದೆ ಯಂತ್ರ ಶುರುವಾಗುತ್ತಿತ್ತು. ಅದು ಶುರುವಾದರೆ, ಊಟದ ಹೊತ್ತೊಂದು ಬಿಟ್ಟು, ಸಂಜೆಯವರೆಗೆ ಆ ಬೀದಿಯಲ್ಲಿ ಯಾರು ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ.

ಸಿಸ್ಟರ್ ಕೆಲಸ ಮಾಡುತ್ತಿದ್ದದ್ದು ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಇಪ್ಪತ್ತೇಳು ವರ್ಷದ ಸೇವೆ. ‘ಕಿವಿ ಸಿಸ್ಟರ್’ ಎಂಬ ಹೆಸರು ಕೊಟ್ಟವರು ರೋಗಿಗಳೇ. ಬೇರೆಯವರು ಔಷಧಿ ಕೊಟ್ಟು ಮುಂದೆ ಹೋದರೆ ಇವರು ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದರು. ಒಬ್ಬಾಕೆ ತನ್ನ ಹೊಟ್ಟೆಯೊಳಗೆ ಗಡಿಯಾರ ಇದೆ ಎಂದು ಹೆದರಿ ಊಟ ಬಿಟ್ಟಿದ್ದಳು. ತರಬೇತಿಗೆ ಬಂದ ಹುಡುಗಿ, “ಹೊಟ್ಟೇಲಿ ಎಲ್ಲಾದ್ರೂ ಗಡಿಯಾರ ಇರುತ್ತಾ?” ಎಂದು ನಕ್ಕಾಗ ಆಕೆ ತಟ್ಟೆ ಎಸೆದಿದ್ದಳು. ಕಿವಿ ಸಿಸ್ಟರ್ ಗಡಿಯಾರ ಇದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. “ಅದು ಟಿಕ್ ಟಿಕ್ ಅಂದಾಗ ತುಂಬಾ ಭಯ ಆಗುತ್ತಾ ತಾಯಿ?” ಎಂದರು. ಆಕೆ ಗಳಗಳ ಅತ್ತಳು. ಅತ್ತು ಮುಗಿಸಿ ಎರಡು ತುತ್ತು ಉಂಡಳು.

ಹುಡುಗಿಯರಿಗೆ ಅವರು ಹೇಳಿಕೊಡುತ್ತಿದ್ದ ಪಾಠ ಸರಳವಾಗಿತ್ತು. ಎದುರಿಗೆ ಪೊಲೀಸರ ಹಾಗೆ ಕೂರಬೇಡಿ, ಸ್ವಲ್ಪ ಓರೆಯಾಗಿ ಕೂರಿ. ‘ಎಲ್ಲ ಸರಿಹೋಗುತ್ತೆ’ ಅನ್ನಬೇಡಿ, ನಿಮಗೇನು ಗೊತ್ತು? ಮಾತು ನಿಂತರೆ ನಿಲ್ಲಲಿ, ಕಾಯಿರಿ. ಮತ್ತೆ, ನಿಮ್ಮ ಮನೆ ಕಥೆಯನ್ನು ರೋಗಿಯ ಹತ್ತಿರ ಹೇಳಿಕೊಳ್ಳಬೇಡಿ. “ಅವರ ತಲೆ ಮೇಲೆ ಆಗಲೇ ಒಂದು ಮೂಟೆ ಇದೆ ಕಣ್ರಮ್ಮಾ, ನಿಮ್ಮದೂ ಹೊರಿಸ್ತೀರಾ?”

ಮನೆಯವರಿಗೆ ಹೇಳುವಾಗ ಮಾತ್ರ ಅವರ ದನಿ ಏರುತ್ತಿತ್ತು. ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿ ಕೆಲಸಕ್ಕೆ ಹೋಗುತ್ತಿದ್ದ ಬಡಗಿಯೊಬ್ಬನನ್ನು ಎಲ್ಲರೆದುರು ನಿಲ್ಲಿಸಿ, “ನಿಮ್ಮನ್ನ ಒಂದು ದಿನ ಹಾಗೆ ಕೂಡಿ ಹಾಕ್ತೀನಿ. ಸಂಜೆ ಬಂದು ಬಾಗಿಲು ತೆಗೀತೀನಿ. ಆಗ ಯಾರಿಗೆ ಹುಚ್ಚು ಅಂತ ನೋಡೋಣ,” ಎಂದಿದ್ದರು. ದೊಡ್ಡಾಳು ಬಡಗಿ ಮಕ್ಕಳ ಹಾಗೆ ಅತ್ತಿದ್ದ.

ಆ ವಾರ್ಡಿನ ಕೊನೆಯ ಕಿಟಕಿಯ ಹತ್ತಿರ ಒಬ್ಬ ಹೆಂಗಸು ಕೂರುತ್ತಿದ್ದಳು. ಆರು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕವಳು. ಹೆಸರಿಲ್ಲ, ಊರಿಲ್ಲ, ಬಾಯಲ್ಲಿ ಒಂದಕ್ಷರವಿಲ್ಲ. ಕಿವಿ ಕೇಳುತ್ತದೆ, ಗಂಟಲೂ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಕೂರಿಸಿದಲ್ಲಿ ಕೂರುತ್ತಿದ್ದಳು, ಬಾಯಿಗಿಟ್ಟದ್ದನ್ನು ನುಂಗುತ್ತಿದ್ದಳು. ಆಯಾ ಒಮ್ಮೆ ‘ಮೂಗಿ’ ಎಂದದ್ದಕ್ಕೆ ಸಿಸ್ಟರ್ ಕೆಂಡವಾದ ಮೇಲೆ ಎಲ್ಲರೂ ಅವಳನ್ನು ‘ಕಿಟಕಿಯಮ್ಮ’ ಎನ್ನತೊಡಗಿದರು.

ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ನರ್ಸ್ ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬ ರೋಗಿಯ ಜೊತೆ ಸುಮ್ಮನೆ ಕೂರಬೇಕು. ಅದಕ್ಕೆ ‘ಕೂರುವ ಹೊತ್ತು’ ಎನ್ನುತ್ತಿದ್ದರು. ಮಾತಾಡದವರ ಪಕ್ಕ ಕೂರಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಕಿಟಕಿಯಮ್ಮ ಕಿವಿ ಸಿಸ್ಟರ್ ಪಾಲಿಗೆ ಬಂದಳು. ಹನ್ನೊಂದು ಗಂಟೆಗೆ ಸ್ಟೂಲು ಓರೆಯಾಗಿ ಹಾಕಿಕೊಂಡು, “ಇವತ್ತು ಗಾಳಿ ಜಾಸ್ತಿ ಅಲ್ವಾ,” “ಎದುರು ಕಾಂಪೌಂಡಿಗೆ ಬಣ್ಣ ಹೊಡೀತಿದ್ದಾರೆ ನೋಡಿ,” ಎಂದು ಒಂದೊಂದೇ ಮಾತು ಹೇಳಿ ಕಾಯುತ್ತಿದ್ದರು. ಮೊದಲ ವರ್ಷ ಗಾಳಿ ಮಳೆಯಲ್ಲೇ ಮುಗಿಯಿತು. ಎರಡನೇ ವರ್ಷದಲ್ಲಿ ಒಂದು ದಿನ, ಕಾದು ಕಾದು, ಗಾಳಿಯ ಬದಲು ತಮ್ಮ ಮನೆಯ ಒಂದು ಮಾತು ಬಾಯಿಂದ ಜಾರಿತು. ಆ ಹೆಂಗಸಿನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಸಿಸ್ಟರಿಗೆ ಎದೆ ಹಗುರವಾಯಿತು. ಮರುದಿನ ಇನ್ನೊಂದು ಮಾತು. ಆಮೇಲೆ ಅದು ದಿನದ ರೂಢಿಯಾಗಿಬಿಟ್ಟಿತು. ಯಾರಿಗೂ ಹೇಳದ್ದನ್ನು, ದೇವರ ಮುಂದೆ ಕೂಡ ಅರ್ಧಕ್ಕೇ ನಿಲ್ಲಿಸುತ್ತಿದ್ದದ್ದನ್ನು, ಅವರು ಆ ಕಿಟಕಿಯ ಹತ್ತಿರ ಪೂರ್ತಿ ಹೇಳುತ್ತಿದ್ದರು. ಡೈರಿಯಲ್ಲಿ ಮಾತ್ರ, ‘ಇಪ್ಪತ್ತು ನಿಮಿಷ ಜೊತೆಗೆ ಕೂತೆ, ಪ್ರತಿಕ್ರಿಯೆ ಇಲ್ಲ’ ಎಂದು ಬರೆದು ಸಹಿ ಮಾಡುತ್ತಿದ್ದರು.

ಐದು ವರ್ಷ ಹೀಗೇ ಹೋಯಿತು.

ಆಮೇಲೆ ಬಂತು ಆ ಸೋಮವಾರ. ಔಷಧಿ ಬದಲಾಯಿಸಿ ಎರಡು ತಿಂಗಳಾಗಿತ್ತು. ಕಿಟಕಿಯಮ್ಮ ಚಮಚ ತಾನೇ ಹಿಡಿಯುತ್ತಿದ್ದಳು. ಸಿಸ್ಟರ್ ಬಂದು ಸ್ಟೂಲಿನ ಮೇಲೆ ಕೂತರು. ಇನ್ನೂ ಉಸಿರು ಬಿಟ್ಟಿರಲಿಲ್ಲ. ಕಿಟಕಿಯಮ್ಮ ಕತ್ತು ತಿರುಗಿಸಿ, ಅವರ ಕಣ್ಣಲ್ಲಿ ಕಣ್ಣಿಟ್ಟು, ತುಕ್ಕು ಹಿಡಿದ ದನಿಯಲ್ಲಿ ಕೇಳಿದಳು:

“ಅಕ್ಕನ್ನ ಇವತ್ತೂ ಕೂಡಿ ಹಾಕಿ ಬಂದ್ರಾ?”

ಸಿಸ್ಟರಿಗೆ ಕೂತಿದ್ದ ಸ್ಟೂಲೇ ಜಾರಿದಂತಾಯಿತು. ಐದು ವರ್ಷ ಗೋಡೆ ಎಂದುಕೊಂಡು ಒರಗಿದ್ದರು, ಆ ಗೋಡೆಯೇ ಹೆಗಲ ಮೇಲೆ ಕೈಯಿಟ್ಟಿತು.

ವಾರ್ಡಿನ ಆ ತುದಿಯಲ್ಲಿ ನೆಲ ಒರೆಸುತ್ತಿದ್ದ ಆಯಾಗೆ ಮಾತು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಅವಳು ಒರೆಸುವ ಕೋಲನ್ನು ಅಲ್ಲೇ ಬಿಸಾಡಿ ಕಿರುಚಿದಳು: “ಅಯ್ಯೋ ದೇವರೇ! ಕಿಟಕಿಯಮ್ಮ ಮಾತಾಡಿದ್ಲು! ಬನ್ರೋ, ಬನ್ರೇ, ಕಿಟಕಿಯಮ್ಮ ಮಾತಾಡಿದ್ಲು!”

ಯಾರು ಎಲ್ಲಿಂದ ಬಂದರೋ. ಡಾಕ್ಟರು, ಹುಡುಗಿಯರು, ಬಟ್ಟೆ ಒಗೆಯುವವರು. ಒಬ್ಬಳು ಸಿಸ್ಟರನ್ನು ತಬ್ಬಿಕೊಂಡಳು. “ಆರು ವರ್ಷ ಸಿಸ್ಟರ್! ನಿಮ್ಮಂಥವರು ಬಿಟ್ರೆ ಯಾರ ಕೈಲೂ ಆಗ್ತಿರ್ಲಿಲ್ಲ. ಏನಂದ್ರು? ಮೊದಲನೇ ಮಾತು ಏನಂದ್ರು?”

ಸಿಸ್ಟರ್ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. “ನೀರು,” ಎಂದರು. “ನೀರು ಕೇಳಿದ್ರು.”

ಹುಡುಗಿಯೊಬ್ಬಳು ಓಡಿ ನೀರು ತಂದಳು. ಕಿಟಕಿಯಮ್ಮ ಸಿಸ್ಟರ್ ಮುಖವನ್ನೇ ನೋಡುತ್ತ, ಬೇಡವಾಗಿದ್ದ ಆ ನೀರನ್ನು ಪೂರ್ತಿ ಕುಡಿದಳು. ಡೈರಿಯಲ್ಲಿ, ‘ಹನ್ನೊಂದು ಗಂಟೆ ಐದು ನಿಮಿಷಕ್ಕೆ ರೋಗಿ ಮೊದಲ ಬಾರಿ ಮಾತಾಡಿದರು. ನೀರು ಕೇಳಿದರು,’ ಎಂದು ಬರೆಯುವಾಗ ಸಿಸ್ಟರ್ ಅಕ್ಷರ ಅವರಿಗೇ ಗುರುತು ಸಿಗಲಿಲ್ಲ.

ಬಾಗಿಲ ಹಿಂದಿದ್ದದ್ದು ಖಜಾನೆಯಲ್ಲ, ಅವರ ಒಡಹುಟ್ಟಿದ ಅಕ್ಕ. ತಾಯಿ ಇಲ್ಲದ ತಂಗಿಗೆ ತಲೆ ಬಾಚಿ ಸಾಕಿದವಳು, ಕೆಲಸದ ಮೊದಲ ದಿನದ ಸಮವಸ್ತ್ರವನ್ನು ತಾನೇ ಹೊಲಿದು ಕೊಟ್ಟವಳು. ನಲವತ್ತರ ಹೊತ್ತಿಗೆ ಅವಳ ಮನಸ್ಸು ಕೈಕೊಟ್ಟಿತು. ಒಮ್ಮೆ ಮನೆ ಬಿಟ್ಟು ಹೋದವಳು ಎರಡನೇ ದಿನ ಸೇತುವೆಯ ಕೆಳಗೆ ಸಿಕ್ಕಿದ್ದಳು. ಅಂಗಾಲು ಸುಟ್ಟು ಬೊಬ್ಬೆಯೆದ್ದಿತ್ತು, ಸುತ್ತ ನಿಂತವರು ಕಲ್ಲು ಹೊಡೆಯುತ್ತಿದ್ದರು. ಅವತ್ತೇ ಸಿಸ್ಟರ್ ಮೊದಲ ಬೀಗ ತಂದದ್ದು. ಗಿರಣಿಯ ಮೇಲಿನ ಮನೆ ಹಿಡಿದದ್ದೂ ಅದರ ಸದ್ದಿಗಾಗಿಯೇ. ಅಕ್ಕ ನೆಂಟರ ಊರಿನಲ್ಲಿದ್ದಾಳೆ ಎಂದು ಆಸ್ಪತ್ರೆಯವರಿಗೆ ಹೇಳಿದ್ದರು. ಹಾಸಿಗೆ ಹಿಡಿದಿದ್ದಾಳೆ ಎಂದು ಗಿರಣಿಯವರಿಗೆ. ದೂರದ ಊರಿನ ಡಾಕ್ಟರಿಂದ ಮಾತ್ರೆ ತಂದು ತಾವೇ ಕೊಡುತ್ತಿದ್ದರು. ತಮ್ಮ ವಾರ್ಡಿಗೆ, ತಮ್ಮ ಪಾಠ ಕೇಳಿದ ಹುಡುಗಿಯರ ಕೈಗೆ ಅಕ್ಕನನ್ನು ಒಪ್ಪಿಸುವ ಯೋಚನೆ ಬಂದಾಗಲೆಲ್ಲ ಅವರು ನಾಚಿ ಹಿಂದೆಗೆಯುತ್ತಿದ್ದರು. ‘ಇನ್ನೊಂದು ವರ್ಷ ನೋಡೋಣ’ ಎಂದುಕೊಂಡೇ ಹನ್ನೆರಡು ವರ್ಷ ಬೀಗ ಹಾಕಿದ್ದರು.

ಆ ಸಂಜೆ ಮನೆಗೆ ಬಂದಾಗ ಅಕ್ಕ ನೆಲದ ಮೇಲೆ ಕೂತಿದ್ದಳು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ವಾರ ಬಾಗಿಲ ಸಂದಿಗೆ ಸಿಕ್ಕಿ ಉಗುರು ಕಿತ್ತುಬಂದಿತ್ತು. ಹೇಗೆ ಸಿಕ್ಕಿತು ಎಂದು ಸಿಸ್ಟರ್ ಕೇಳಿರಲಿಲ್ಲ. ಔಷಧಿ ಹಚ್ಚಿ, “ಜೋಪಾನ ಅಕ್ಕಾ,” ಎಂದು ಅಡುಗೆಗೆ ಹೋಗಿದ್ದರು. ಮರುದಿನ ಹನ್ನೊಂದು ಗಂಟೆಗೆ ಕಿಟಕಿಯಮ್ಮನಿಗೆ ಅದನ್ನು ಹೇಳಿ ಹಗುರಾಗಿದ್ದರು.

ಇವತ್ತು ಅವರು ಚೀಲ ಕೆಳಗಿಟ್ಟು, ಮಣೆಯೊಂದನ್ನು ಎಳೆದು, ಓರೆಯಾಗಿ ಕೂತರು. ವಾರ್ಡಿನಲ್ಲಿ ಕೂರುವ ಹಾಗೆಯೇ. ಇಷ್ಟು ವರ್ಷದಲ್ಲಿ ಅಕ್ಕನ ಪಕ್ಕ ಹಾಗೆ ಕೂತದ್ದು ಅದೇ ಮೊದಲು ಎಂಬುದು ಕೂತ ಮೇಲೆ ಅವರಿಗೆ ಹೊಳೆಯಿತು.

“ಅಕ್ಕಾ, ಹಗಲೆಲ್ಲಾ ಹೇಗಿರುತ್ತೆ ನಿನಗೆ?”

ಅಕ್ಕ ಬೆರಳಿನ ಬಟ್ಟೆಯ ಅಂಚನ್ನು ಬಿಡಿಸಿ ಮತ್ತೆ ಸುತ್ತಿದಳು. ತಂಗಿ ಕಾದಳು.

“ಗಿರಣಿ ಓಡ್ತಿದ್ರೆ ಪರವಾಗಿಲ್ಲ. ಯಾರೋ ಇದ್ದಾರೆ ಅನ್ಸುತ್ತೆ. ಊಟದ ಹೊತ್ತಿಗೆ ನಿಲ್ಲಿಸ್ತಾರೆ ನೋಡು, ಆಗ ಭಯ.”

“ಆಗ ಏನ್ ಮಾಡ್ತೀಯ?”

“ನೀನು ಹೊರಗಿಂದ ಮೂರು ಸಲ ಜಗ್ತೀಯಲ್ಲ,” ಎಂದಳು ಅಕ್ಕ, ಮಕ್ಕಳಿಗೆ ಆಟ ವಿವರಿಸುವ ದನಿಯಲ್ಲಿ. “ನಾನೂ ಒಳಗಿಂದ ಮೂರು ಸಲ ಜಗ್ತೀನಿ. ದಿನಾ. ಅದು ಬರಲ್ಲ.”

ಸಿಸ್ಟರ್ ಬಟ್ಟೆ ಸುತ್ತಿದ ಆ ಬೆರಳುಗಳನ್ನು ಕೈಯಲ್ಲಿ ತೆಗೆದುಕೊಂಡರು. ತಾವು ಹೊರಗೆ ಹಣೆ ತಾಗಿಸಿ ದೇವರನ್ನು ನೆನೆಯುತ್ತಿದ್ದ ಹಲಗೆಯ ಆ ಕಡೆಗೆ ಈ ಬೆರಳುಗಳಿದ್ದವು. ಇಪ್ಪತ್ತೇಳು ವರ್ಷ ಜನರ ಮಾತು ಕೇಳಿದ ಕಿವಿಗೆ ಒಂದೇ ಒಂದು ಪ್ರಶ್ನೆ ಕೇಳಲು ಹನ್ನೆರಡು ವರ್ಷ ಬೇಕಾಯಿತು.

ಹಾಗೆಂದು ಅವರು ಮರುದಿನ ಬೀಗ ಹಾಕದೆ ಬಂದರೇ? ಇಲ್ಲ, ಹಾಕಿದರು. ಜಗ್ಗಿದರು ಕೂಡ. ಎರಡು ಸಲ ಜಗ್ಗಿ ಕೈ ನಿಂತಿತು. ಸೇತುವೆಯ ಕೆಳಗಿನ ಕಲ್ಲುಗಳು ನೆನಪಾಗಿ ಮೂರನೆಯದನ್ನೂ ಜಗ್ಗಿದರು. ಹಣೆಯನ್ನು ಮಾತ್ರ ಬಾಗಿಲಿಗೆ ತಾಗಿಸಲಾಗಲಿಲ್ಲ. ಅಕ್ಕ ಅವತ್ತು ಊಟದ ಹೊತ್ತಿಗೆ ಕಾಯಲಿಲ್ಲ; ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಾಗಿಲು ಅದುರಿದ ಸದ್ದು ಕೇಳಿತು. ಒಂದು. ಎರಡು. ಮೂರು.

ಅತ್ತ ವಾರ್ಡಿನಲ್ಲಿ ಕಿಟಕಿಯಮ್ಮ ದಿನಕ್ಕೆ ನಾಲ್ಕು ಮಾತು, ಹತ್ತು ಮಾತು ಎಂದು ಮುಂದುವರಿದಿದ್ದಳು. ತನ್ನ ಊರು ಹೇಳಿದಳು, ಮಗಳ ಹೆಸರು ಹೇಳಿದಳು. ಸಿಸ್ಟರ್ ಅವಳ ಕೂರುವ ಹೊತ್ತನ್ನು ತರಬೇತಿಯ ಹುಡುಗಿಗೆ ವಹಿಸಿ ತಾವು ಔಷಧಿ ಕೋಣೆಯಲ್ಲಿ ಸೇರಿಕೊಂಡರು. ಎದುರು ಸಿಕ್ಕಾಗ ಕಿಟಕಿಯಮ್ಮ ಏನೂ ಕೇಳುತ್ತಿರಲಿಲ್ಲ. ಅವರ ಚೀಲದ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಅಷ್ಟಕ್ಕೇ ಸಿಸ್ಟರ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಿದ್ದರು.

ಹತ್ತನೇ ದಿನ ಮಗಳು ಬಂದಳು. ಅಮ್ಮ ಸತ್ತೇಹೋಗಿದ್ದಾಳೆ ಎಂದುಕೊಂಡಿದ್ದ ಹುಡುಗಿ. ಅಮ್ಮನ ಕಾಲು ಹಿಡಿದು ಅತ್ತಳು, ನಕ್ಕಳು, ಹೊಸ ಸೀರೆಯ ಚೀಲವನ್ನು ಎದೆಗವಚಿಕೊಂಡು ಕೂತಳು. ಕರೆದುಕೊಂಡು ಹೋಗಲು ಒಂದೇ ಅಡ್ಡಿ. ಮೂವರು ಡಾಕ್ಟರು ಕೂತು ರೋಗಿಯನ್ನು ಮಾತಾಡಿಸಿ, ಯೋಚನೆ ಸ್ಪಷ್ಟವಾಗಿದೆ ಎಂದು ಬರೆಯಬೇಕು. ಆ ಮೂವರು ಕೂರುವುದು ಆರು ತಿಂಗಳಿಗೊಮ್ಮೆ. ಮರುದಿನವೇ ಅವರು ಕೂರುವವರಿದ್ದರು. ತಪ್ಪಿದರೆ ಮತ್ತೆ ಆರು ತಿಂಗಳು ಕಿಟಕಿ.

ಮರುದಿನ ದೊಡ್ಡ ಡಾಕ್ಟರ ಕೋಣೆಯಲ್ಲಿ ಉದ್ದನೆಯ ಮೇಜು. ವಾರ್ಡಿನ ಹಿರಿಯ ನರ್ಸ್ ಎಂದು ಕಿವಿ ಸಿಸ್ಟರ್ ಗೋಡೆ ಪಕ್ಕ ನಿಂತಿದ್ದರು. ಕಿಟಕಿಯಮ್ಮ ಇವತ್ತು ಯಾವ ವಾರ, ತನಗೆ ಎಷ್ಟು ವಯಸ್ಸು, ಮಗಳ ಮನೆಗೆ ಯಾವ ದಾರಿ, ಎಲ್ಲಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ದೊಡ್ಡ ಡಾಕ್ಟರು ಸಂತೋಷದಿಂದ ಕನ್ನಡಕ ಒರೆಸಿಕೊಂಡರು.

“ಒಂದೇ ಒಂದು ಕೇಳ್ತೀನಿ ತಾಯಿ. ಇಷ್ಟು ವರ್ಷ ಯಾಕೆ ಮಾತಾಡ್ಲಿಲ್ಲ?”

“ಮೊದಮೊದಲು ಆಗ್ತಿರ್ಲಿಲ್ಲ ಸಾರ್. ಬಾಯಿ ತುಂಬಾ ಮಣ್ಣು ತುಂಬಿದ ಹಾಗಿತ್ತು. ಆಮೇಲಾಮೇಲೆ, ಸ್ವಲ್ಪ ಆಡಬಹುದು ಅನ್ಸೋದು.” ಅವಳು ಗೋಡೆ ಕಡೆ ತಿರುಗಿದಳು. “ಆದ್ರೆ ಈ ಸಿಸ್ಟರ್ ದಿನಾ ಬಂದು ನನ್ನ ಹತ್ರ ಹೇಳ್ಕೊಳ್ಳೋರು. ಅವರಕ್ಕನ್ನ ಮನೇಲಿ ಬೀಗ ಹಾಕಿ ಬರ್ತಾರೆ. ಮೂರು ಸಲ ಜಗ್ಗಿ ನೋಡಿ ಬರ್ತಾರೆ. ನಾನು ಬಾಯಿ ಬಿಟ್ರೆ ಅವರು ಹೇಳೋದು ನಿಲ್ಲಿಸ್ತಾರೆ. ಪಾಪ, ಆಮೇಲೆ ಯಾರ ಹತ್ರ ಹೇಳ್ಕೋಬೇಕು? ಅದಕ್ಕೆ ಸುಮ್ಮನಿದ್ದೆ. ಆದ್ರೆ ಮೊನ್ನೆ ಅಕ್ಕನ ಉಗುರು ಕಿತ್ತುಬಂತು ಅಂದ್ರು. ಇನ್ನು ಸುಮ್ಮನಿರೋದು ತಪ್ಪು ಅನ್ನಿಸ್ತು.”

ಸಿಸ್ಟರ್ ಗೋಡೆಗೆ ಕೈಯೂರಿದರು. ಗುಟ್ಟು ಬಯಲಾದದ್ದು ಅವರಿಗೆ ಎರಡನೆಯ ಪೆಟ್ಟು. ಮೊದಲನೆಯದು ಅದಕ್ಕಿಂತ ಜೋರಾಗಿ ಬಿದ್ದಿತ್ತು. ಈಕೆ ಸುಮ್ಮನಿದ್ದದ್ದು ನನಗಾಗಿ! ನಾನು ಇವಳನ್ನು ಮಾತಾಡಿಸಲು ಕೂತೆ ಎಂದುಕೊಂಡಿದ್ದೆ. ಇವಳು ನನ್ನ ಮಾತು ಕೇಳಲು ಬಾಯಿ ಮುಚ್ಚಿಕೊಂಡು ಕೂತಿದ್ದಳು.

ದೊಡ್ಡ ಡಾಕ್ಟರು ಕಿಟಕಿಯಮ್ಮನನ್ನು ಮಗಳ ಹತ್ತಿರ ಕಳಿಸಿದರು. ಉಳಿದಿಬ್ಬರನ್ನು ಟೀಗೆ ಎಬ್ಬಿಸಿದರು. ಬಾಗಿಲು ಮುಚ್ಚಿ ಬಂದು ಕೂತರು. ಸಿಸ್ಟರ್ ಕೆಲಸಕ್ಕೆ ಸೇರಿದ ವರ್ಷವೇ ಸೇರಿದವರು ಅವರು; ಗಿರಣಿಯ ಮನೆಗೆ ಒಮ್ಮೆಯೂ ಬಂದವರಲ್ಲ.

“ನಿಮ್ಮಕ್ಕ ಊರಲ್ಲಿದ್ದಾರೆ ಅಲ್ವಾ ಸಿಸ್ಟರ್?” ಎಂದರು. ಡಾಕ್ಟರು ಅವರ ಮುಖ ನೋಡಿದರು. ಅವರೂ ಇಪ್ಪತ್ತೇಳು ವರ್ಷ ಮುಖಗಳನ್ನೇ ಓದಿದವರು. ಪೆನ್ನು ಕೈಯಲ್ಲಿ ತಿರುಗಿತು, ನಿಂತಿತು.

“ನೋಡಿ,” ಎಂದರು ತಗ್ಗಿದ ದನಿಯಲ್ಲಿ, “ನಾನೇನೂ ಕೇಳಲ್ಲ. ಇದನ್ನ ಭ್ರಮೆ ಅಂತ ಬರೆದುಬಿಡ್ತೀನಿ. ನರ್ಸ್ ಬಗ್ಗೆ ಕಟ್ಟಿಕೊಂಡ ಭ್ರಮೆ. ಇಂಥದ್ದು ನಮ್ಮಲ್ಲಿ ಹೊಸದಲ್ಲ. ಯಾರೂ ಎರಡನೇ ಸಲ ಓದಲ್ಲ. ಆಕೆ ಇನ್ನೊಂದು ಆರು ತಿಂಗಳು ಇಲ್ಲೇ ಇರ್ತಾಳೆ, ಅಷ್ಟೇ. ನಿಮ್ಮ ಇಷ್ಟು ವರ್ಷದ ಹೆಸರು ಉಳಿಯುತ್ತೆ.”

ಕಿಟಕಿಯ ಆಚೆ ಮೊಗಸಾಲೆಯ ಬೆಂಚು ಕಾಣುತ್ತಿತ್ತು. ಮಗಳು ಹೊಸ ಸೀರೆಯನ್ನು ಅಮ್ಮನ ಹೆಗಲಿಗಿಟ್ಟು ಬಣ್ಣ ಒಪ್ಪುತ್ತದೆಯೇ ಎಂದು ನೋಡುತ್ತಿದ್ದಳು. ಅಮ್ಮ ನಗುತ್ತಿದ್ದಳು. ಆ ಮುಖದಲ್ಲಿ ನಗು ಹೀಗೆ ಮೂಡುತ್ತದೆ ಎಂದು ಸಿಸ್ಟರಿಗೆ ಗೊತ್ತೇ ಇರಲಿಲ್ಲ. ಅವರು ಕಣ್ಣು ಮುಚ್ಚಿದರು. ದೇವರನ್ನು ಏನು ಬೇಡಬೇಕೆಂದು ತಿಳಿಯಲಿಲ್ಲ; ಬೇಡದೆಯೇ ಕಣ್ಣು ತೆರೆದರು.

“ಬೇಡ ಡಾಕ್ಟ್ರೇ. ಭ್ರಮೆ ಅಂತ ಬರೀಬೇಡಿ. ಆಕೆ ಹೇಳಿದ್ರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.” ಅವರು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದರು. “ಅವತ್ತು ಆಕೆ ನೀರು ಕೇಳ್ಲಿಲ್ಲ. ಅದು ನಾನು ಬರೆದ ಸುಳ್ಳು. ಅಕ್ಕನ್ನ ಇವತ್ತೂ ಕೂಡಿ ಹಾಕಿ ಬಂದ್ರಾ ಅಂತ ಕೇಳಿದ್ರು. ಹೌದು, ಹಾಕಿ ಬಂದಿದ್ದೆ. ಇವತ್ತೂ ಹಾಕಿದ್ದೀನಿ.”

ದೊಡ್ಡ ಡಾಕ್ಟರು ಕುರ್ಚಿಗೆ ಒರಗಿಬಿಟ್ಟರು. ಬಡಗಿಗೆ ಬೈದ ಅದೇ ಬಾಯಿಯಿಂದ ಈ ಮಾತು ಬಂತೇ ಎಂಬಂತೆ ಅವರನ್ನೇ ನೋಡಿದರು. “ಎಷ್ಟು ವರ್ಷದಿಂದ?”

“ಹನ್ನೆರಡು.”

“ದೇವರೇ.” ಡಾಕ್ಟರು ಕಾಗದ ಎಳೆದುಕೊಂಡು, ‘ಯೋಚನೆ ಸ್ಪಷ್ಟ. ನೆನಪು ನಿಖರ. ಮಗಳ ಜೊತೆ ಕಳಿಸಬಹುದು,’ ಎಂದು ಬರೆದು, ಉಳಿದಿಬ್ಬರ ಸಹಿಗೆ ಜಾಗ ಬಿಟ್ಟರು. “ವಿಚಾರಣೆ ಆಗುತ್ತೆ ಸಿಸ್ಟರ್. ಡೈರೀಲಿ ಸುಳ್ಳು ಬರೆದದ್ದಕ್ಕೂ, ಇದಕ್ಕೂ. ನನ್ನ ಕೈ ಮೀರಿದ್ದು.”

“ಆಗ್ಲಿ ಸಾರ್. ನಾನೀಗ ಮನೆಗೆ ಹೋಗಿ ಬಾಗಿಲು ತೆಗೀಬೇಕು. ಊಟದ ಹೊತ್ತಿಗೆ ಗಿರಣಿ ನಿಲ್ಲಿಸ್ತಾರೆ.”

ಅವರು ಬಾಗಿಲ ಹತ್ತಿರ ಹೋದಾಗ ಡಾಕ್ಟರು ಎದ್ದು ಬಂದರು. ಹಳೆಯ ಸಲುಗೆಯ ದನಿಯಲ್ಲಿ ಹೇಳಿದರು: “ನಿಮ್ಮಕ್ಕನ್ನ ಕರ್ಕೊಂಡು ಬನ್ನಿ. ಹಿಂದಿನ ಗೇಟಿಂದ ಬನ್ನಿ, ಕಾವಲುಗಾರನಿಗೆ ಹೇಳಿರ್ತೀನಿ. ನನ್ನ ಕೋಣೇಲೇ ನೋಡ್ತೀನಿ. ಆ ಹುಡುಗಿಯರ ಮುಂದೆ, ಅಷ್ಟು ಜನರ ಮುಂದೆ ನಿಮಗ್ಯಾಕೆ...”

“ಬೇಡ ಸಾರ್,” ಎಂದರು ಕಿವಿ ಸಿಸ್ಟರ್. “ಮುಂದಿನ ಬಾಗಿಲಿಂದಾನೇ ಬರ್ತೀವಿ. ಎಲ್ಲರ ಹಾಗೆ ಚೀಟಿ ಮಾಡಿಸಿ, ಸಾಲಲ್ಲಿ ನಿಂತು.”